ಆತ್ಮಕಥೆಗಳಲ್ಲಿ ಬಾಲ್ಯದ ಓದು

ಪ್ರಸಿದ್ಧ ಪುರುಷರು ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಳ್ಳುವಾಗ, ಹುಟ್ಟಿದ ಊರು, ತಾಯಿತಂದೆಗಳು, ಮೊದಲ ಉಪಾಧ್ಯಾಯರು ಇವರ ಸಂಗತಿಯನ್ನು ಹೇಳಿದ ತರುವಾಯ, ಎಳೆತನದಲ್ಲಿ ಓದಿದ ಪುಸ್ತಕಗಳ ಹೆಸರುಗಳನ್ನೂ ಹೇಳುವುದು ವಾಡಿಕೆ. ಕಥೆಯ ಮುಂದಿನ ಭಾಗಕ್ಕಾಗಿ ಆತುರಪಡುವ ವಾಚಕರು ಈ ಪುಟಗಳನ್ನು ಬೇಗನೆ ಮಗುಚಿಬಿಡುತ್ತಾರೆ. ಆದರೆ ಮಕ್ಕಳ ಕೈಗೆ ಎಂಥ ಪುಸ್ತಕಗಳನ್ನು ಕೊಡಬೇಕು, ಎಂಥವನ್ನು ಕೊಡಬಾರದು ಎಂಬ ಚರ್ಚೆ ಬಂದಾಗಲೆಲ್ಲ ಹಿರಿಯರು ಕಡೆಗೆ ಆಧಾರವಾಗಿ ಹಿಡಿಯುವುದು ಈ ಪುಟಗಳನ್ನೇ. ಇಂಥ ಮಹಾನುಭಾವನು ಬಾಲ್ಯದಲ್ಲಿ ಇಂಥ ಗ್ರಂಥವನ್ನು ಓದಿದನು, ಆದುದರಿಂದ ಇಂಥವನಾದನು ಎಂದು ವಾದವನ್ನು ಮುಗಿಸುತ್ತಾರೆ. ಇದರಲ್ಲಿ ಬರುವ 'ಆದುದರಿಂದ' ಎಂಬ ಮಾತಿಗೆ ಆತ್ಮಕಥೆಗಳು ನಿಜವಾಗಿ ಎಷ್ಟು ಬೆಂಬಲವನ್ನು ಕೊಡುತ್ತವೆಂಬುದು ವಿಚಾರಮಾಡತಕ್ಕ ವಿಷಯ.

ಇಲ್ಲಿ ಮೊದಲೇ ಒಂದು ತೊಡಕು ಎದುರಾಗುತ್ತದೆ. ಆತ್ಮಕಥೆಯಲ್ಲಿ ಸಾಕ್ಷಿಯೂ ಅವನೇ, ಕಕ್ಷಿಗಾರನೂ ಅವನೇ. ನಡುವಯಸ್ಸನ್ನು ದಾಟಿದ ಮೇಲೆ, ತಾನು ಏನಾದೆನೆಂಬುದನ್ನು ಅರಿತ ಮೇಲೆ, ಲೇಖಕನು ಹಿಂತಿರುಗಿ ನೋಡುತ್ತಾನೆ. ಓದಿದ ನೂರು ಪುಸ್ತಕಗಳಲ್ಲಿ, ಈಗಿನ ತನ್ನ ಬಾಳಿಗೆ ಒಪ್ಪುವಂಥ ಒಂದೆರಡು ಮಾತ್ರ ಅವನ ಕಣ್ಣಿಗೆ ದೊಡ್ಡವಾಗಿ ಕಾಣುವುದು ಸಹಜ. ಹೀಗಿರುವಾಗ ಪುಸ್ತಕವು ಬಾಳನ್ನು ರೂಪಿಸಿತೋ, ಬಾಳೇ ಹಿಂದಕ್ಕೆ ಕೈಚಾಚಿ ತನಗೆ ಬೇಕಾದ ಪುಸ್ತಕವನ್ನು ಆರಿಸಿಕೊಂಡಿತೋ ಎಂಬ ಸಂದೇಹಕ್ಕೆ ಎಡೆಯುಂಟು. ನ್ಯಾಯಸ್ಥಾನಗಳಲ್ಲಿ ಒಬ್ಬನು ತನ್ನ ಪಕ್ಷಕ್ಕೇ ಪ್ರತಿಕೂಲವಾಗಿ ಆಡಿದ ಮಾತಿಗೆ ಹೆಚ್ಚಿನ ಬೆಲೆಯನ್ನು ಕೊಡುತ್ತಾರಷ್ಟೆ. ಆತ್ಮಕಥೆಗಳನ್ನು ಪರೀಕ್ಷಿಸುವವರಿಗೂ ಅದೇ ಕ್ರಮ ಒಳ್ಳೆಯದು. ಲೇಖಕನ ಸಿದ್ಧಾಂತಕ್ಕೆ ನೆರವಾಗದೆ, ಕೆಲವೊಮ್ಮೆ ಅದಕ್ಕೆ ಅಡ್ಡಬಂದರೂ, ನೆನಪಿನ ಬಲದಿಂದಲೇ ಪುಟದ ಮೇಲೆ ಬಂದು ಕುಳಿತ ಸಂಗತಿಗಳು ಯಾವುವೋ ಅವನ್ನು ನಂಬಬಹುದು.

ಜಿನೀವಾ ನಗರದಲ್ಲಿ 1712 ರಲ್ಲಿ ಹುಟ್ಟಿದ ರೂಸೋ ತನ್ನ 'ಕನ್ಫೆಷನ್ಸ್' ಎಂಬ ಗ್ರಂಥದಲ್ಲಿ ಹೇಳುವ ವಿಷಯ ಈ ಪರೀಕ್ಷೆಗೆ ಒಳ್ಳೆಯ ಉದಾಹರಣೆ. ಅವನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ಆಕೆ ಬಿಟ್ಟುಹೋಗಿದ್ದ ಪ್ರಣಯಕಥೆಗಳನ್ನು ತಂದೆ ಮಗ ಇಬ್ಬರೂ ರಾತ್ರಿ ಊಟವಾದ ಮೇಲೆ ಸರದಿಯಂತೆ ಓದುತ್ತಿದ್ದರು. ಹಿಡಿದ ಪುಸ್ತಕ ಮುಗಿಯುವವರೆಗೂ ಬಿಡುತ್ತಿರಲಿಲ್ಲ. ಕೆಲವು ದಿನ ಬೆಳಗಿನ ಜಾವ ಹಕ್ಕಿಗಳ ದನಿ ಕೇಳಿದಾಗ ತಂದೆ ನಾಚಿಕೊಂಡು, ಮಗನಿಗಿಂತ ತಾನೇ ಹೆಚ್ಚು ಮಗುವೆಂದು ಹೇಳಿ, ಮಲಗಲು ಏಳುತ್ತಿದ್ದನಂತೆ. ತಾಯಿಯ ಪುಸ್ತಕಗಳು 1719 ರ ಬೇಸಗೆಯ ಹೊತ್ತಿಗೆ ಮುಗಿದುವು. ಅನಂತರ ತಾಯಿಯ ತವರಿನಿಂದ ಬಂದ ಗ್ರಂಥಗಳ ಸರದಿ. ಅವುಗಳಲ್ಲಿ ಪ್ಲೂಟಾರ್ಕನು ಬರೆದ ಮಹಾಪುರುಷರ ಚರಿತ್ರೆಗಳು ಹುಡುಗನ ಮನಸ್ಸನ್ನು ಸೆರೆಹಿಡಿದುವು. ತಂದೆ ಗಡಿಯಾರದ ಕೆಲಸವನ್ನು ಮಾಡುತ್ತಿರುವಾಗ ಮಗನು ಪಕ್ಕದಲ್ಲಿ ಕುಳಿತು ಇವನ್ನು ಓದಿ ಹೇಳುತ್ತಿದ್ದನು. ಶತ್ರುರಾಜನ ಎದುರಿಗೆ ತನ್ನ ಕೈಯನ್ನು ಬೆಂಕಿಯಲ್ಲಿಟ್ಟ ರೋಮಿನ ವೀರ ಸ್ಕೀವೋಲನ ಕಥೆಯನ್ನು ಊಟದ ಮೇಜಿನ ಬಳಿ ಹೇಳುತ್ತಿದ್ದಾಗ, ಹುಡುಗನು ಎದ್ದು ಹೋಗಿ ಕೆಂಡದ ಪಾತ್ರೆಯ ಮೇಲೆ ತನ್ನ ಕೈಯನ್ನು ಚಾಚಿದನು. ನೋಡಿದವರು ಬೆದರಿದರು.

ಪ್ಲೂಟಾರ್ಕನಿಂದ ತನ್ನಲ್ಲಿ ಸ್ವಾತಂತ್ರ್ಯದ ಪ್ರೀತಿ, ದಾಸ್ಯದ ದ್ವೇಷ ಬೇರೂರಿದುವೆಂದು ರೂಸೋ ಹೇಳುತ್ತಾನೆ. ತನ್ನ ಗ್ರಂಥಗಳ ಮುಖಪತ್ರದಲ್ಲಿ 'ಜಿನೀವಾದ ಪೌರ' ಎಂದು ಬರೆದುಕೊಳ್ಳುತ್ತಿದ್ದವನು ಇದನ್ನು ಹೇಳದೆ ಇರುತ್ತಿರಲಿಲ್ಲ. ಆದುದರಿಂದ ಈ ಮಾತನ್ನು ಸ್ವಲ್ಪ ತೂಗಿ ನೋಡಿ ಅಂಗೀಕರಿಸಬೇಕು. ಇದಕ್ಕಿಂತ ಹೆಚ್ಚು ನಂಬಬೇಕಾದುದು ಮತ್ತೊಂದು ಮಾತು. ತಾಯಿಯ ಪ್ರಣಯಕಥೆಗಳು, ವಸ್ತುವಿನ ತಿಳಿವಳಿಕೆ ಬರುವ ಮೊದಲೇ ಭಾವಗಳನ್ನು ತನ್ನಲ್ಲಿ ಕೆರಳಿಸಿದುವೆಂದೂ, ಮನುಷ್ಯಜೀವನದ ವಿಷಯವಾಗಿ ಅವು ಕೊಟ್ಟ ವಿಪರೀತ ಕಲ್ಪನೆಗಳನ್ನು ಮುಂದಿನ ಅನುಭವವಾಗಲಿ ವಿಚಾರವಾಗಲಿ ಪೂರ್ತಿಯಾಗಿ ಗುಣಪಡಿಸಲಿಲ್ಲವೆಂದೂ ಅವನು ಒಪ್ಪಿಕೊಳ್ಳುತ್ತಾನೆ. ಹೆಮ್ಮೆಗೆ ಕಾರಣವಲ್ಲದ ಈ ಸಾಕ್ಷ್ಯವೇ ಅವನ ಬಾಳಿನ ಅನೇಕ ಪ್ರಕರಣಗಳಿಗೆ ಕೀಲಿಕೈ.

ಇಷ್ಟೆಲ್ಲ ಓದಿ ಬೆಳೆದವನು 1762 ರಲ್ಲಿ 'ಎಮಿಲ್' ಎಂಬ ಶಿಕ್ಷಣಗ್ರಂಥವನ್ನು ಬರೆದಾಗ ಅದರಲ್ಲಿನ ಹುಡುಗನಿಗೆ ಪುಸ್ತಕಗಳನ್ನೇ ನಿಷೇಧಿಸಿದನು. ಹನ್ನೆರಡು ವರ್ಷದವರೆಗೂ ಎಮಿಲನಿಗೆ ಪುಸ್ತಕವೆಂದರೆ ಏನೆಂದು ತಿಳಿಯಬೇಕಾದುದಿಲ್ಲ. ಲಾ ಫೋಂಟೇನನ ನೀತಿಕಥೆಗಳೂ ಬೇಡ; ಕಾಗೆಯನ್ನು ಮೋಸಪಡಿಸಿದ ನರಿಯ ಕಥೆಯನ್ನು ಓದಿದ ಮಗು ನರಿಯ ಕಡೆಗೇ ಸೇರುತ್ತದೆಂದು ಅವನ ವಾದ. ಕಡೆಗೆ ಒಂದೇ ಒಂದು ಪುಸ್ತಕಕ್ಕೆ ಪ್ರವೇಶ ದೊರೆಯುತ್ತದೆ. ಅದು 'ರಾಬಿನ್ಸನ್ ಕ್ರೂಸೋ'. ರೂಸೋವಿನಲ್ಲಿರುವ ವಿರೋಧಗಳನ್ನು ಎತ್ತಿ ತೋರಿಸುವುದು ವಿಮರ್ಶಕರಿಗೆ ಹಳೆಯ ಆಟ. ಆದರೆ ಇದು ಬರಿಯ ವಿರೋಧವಲ್ಲ. ತನ್ನನ್ನು ಸುಟ್ಟ ಬೆಂಕಿಯನ್ನು ಮಗುವಿನಿಂದ ದೂರವಿಡಬೇಕೆಂಬ ಕಳವಳ ಅದರಲ್ಲಿದೆ. ದೂರವಿಟ್ಟರೆ ಕೈ ಸುಡುವುದಿಲ್ಲವೆಂಬುದು ನಿಜ. ಆದರೆ ಸ್ಕೀವೋಲನ ಕಥೆಯನ್ನು ಕೇಳಿ ಕೈ ಚಾಚುವ ಹುಡುಗನೂ ಆಗ ಉಳಿಯುವುದಿಲ್ಲ. ಎಮಿಲನು ದೊಡ್ಡವನಾಗಿ 'ಕನ್ಫೆಷನ್ಸ್' ಬರೆಯುವಂಥವನಾಗುತ್ತಿದ್ದನೆಂದು ಯಾರೂ ಹೇಳಲಾರರು.

ಎಮಿಲನಿಗೆ ಪೂರ್ತಿ ಎದುರಾದ ಶಿಕ್ಷಣವೆಂದರೆ ಜಾನ್ ಸ್ಟುಅರ್ಟ್ ಮಿಲ್ಲನದು. 1806 ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈತನ ಆತ್ಮಚರಿತ್ರೆ 1873 ರಲ್ಲಿ, ಅವನು ಸತ್ತ ವರ್ಷವೇ ಪ್ರಕಟವಾಯಿತು. ಮೂರನೆಯ ವಯಸ್ಸಿನಲ್ಲಿ ಗ್ರೀಕ್ ಭಾಷೆ. ಎಂಟನೆಯ ವರ್ಷದಲ್ಲಿ ಲ್ಯಾಟಿನ್. ಗುರುವೂ ತಂದೆಯೇ. ಜೇಮ್ಸ್ ಮಿಲ್ಲನು ಬ್ರಿಟಿಷ್ ಇಂಡಿಯಾದ ಚರಿತ್ರೆಯನ್ನು ಬರೆಯುತ್ತಿದ್ದ ಮೇಜಿನ ಬಳಿಯಲ್ಲೇ ಮಗನೂ ಕುಳಿತು ಪಾಠವನ್ನು ಸಿದ್ಧಪಡಿಸುತ್ತಿದ್ದನು. ಗ್ರೀಕಿನಿಂದ ಇಂಗ್ಲಿಷಿಗೆ ಆಗ ನಿಘಂಟು ಇರಲಿಲ್ಲವಾದುದರಿಂದ ಮಗು ತಿಳಿಯದ ಶಬ್ದಕ್ಕೆಲ್ಲ ತಂದೆಯನ್ನು ಕೇಳಬೇಕಾಗಿತ್ತು. ಸಿಡುಕಿನ ಸ್ವಭಾವದ ಆತನು ಬರೆಯುವುದನ್ನು ನಿಲ್ಲಿಸಿ ಪ್ರತಿ ಸಲವೂ ಅರ್ಥವನ್ನು ಹೇಳುತ್ತಿದ್ದನು. ತಂದೆಯ ಕಾಠಿಣ್ಯವನ್ನು ಮರೆಮಾಚದ ಮಗನು ಈ ತಾಳ್ಮೆಯನ್ನೂ ಮರೆಯದೆ ಬರೆದಿಟ್ಟಿದ್ದಾನೆ. ಹ್ಯೂಮ್, ಗಿಬ್ಬನ್ ಮೊದಲಾದವರ ಚರಿತ್ರೆಗಳನ್ನು ಹುಡುಗನು ತಾನೇ ಓದಿ, ಚೀಟಿಗಳಲ್ಲಿ ಗುರುತು ಹಾಕಿಕೊಂಡು, ಮಾರನೆಯ ಬೆಳಗ್ಗೆ ತಿರುಗಾಡಲು ಹೋದಾಗ ತಂದೆಗೆ ಒಪ್ಪಿಸಬೇಕಾಗಿತ್ತು.

ಈ ಓದು ಬಾಳನ್ನು ರೂಪಿಸಿತೆಂಬುದಕ್ಕೆ ಹೊರಗಿನ ಆಧಾರವೇ ಇದೆ. ತಂದೆಯ ಚರಿತ್ರೆ 1817 ರಲ್ಲಿ ಅಚ್ಚಾಗುತ್ತಿದ್ದಾಗ, ಹನ್ನೊಂದು ವರ್ಷದ ಮಗನು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದನು. ತಂದೆ ಕರಡಚ್ಚನ್ನು ತಿದ್ದುತ್ತಿದ್ದನು. 1823 ರಲ್ಲಿ ಮಗನು ಈಸ್ಟ್ ಇಂಡಿಯಾ ಕಂಪೆನಿಯ ಕಚೇರಿಗೆ ಸೇರಿ 1858 ರವರೆಗೆ, ಮೂವತ್ತೈದು ವರ್ಷ, ಅಲ್ಲಿಯೇ ದುಡಿದನು. ತಂದೆ ಮಕ್ಕಳಿಬ್ಬರೂ ಹಿಂದೂದೇಶವನ್ನು ಕಣ್ಣಿನಿಂದ ಕಾಣಲಿಲ್ಲ. ಕಾಣದ ದೇಶವೊಂದನ್ನು ಕಾಗದದ ಮೇಲೆ ಆಳಬಹುದೆಂಬ ನಂಬಿಕೆ ಆ ಮೇಜಿನ ಬಳಿ ಓದಿದ ಹುಡುಗನಿಗೆ ವಿಚಿತ್ರವಾಗಿ ತೋರದಿದ್ದುದು ಆಶ್ಚರ್ಯವಲ್ಲ.

ಇಷ್ಟಾದರೂ ಮಿಲ್ಲನ ಗ್ರಂಥದ ಹೃದಯವಿರುವುದು ಐದನೆಯ ಅಧ್ಯಾಯದಲ್ಲಿ. 1826 ರ ಶರತ್ಕಾಲದಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಅವನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡನು: ತಾನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣದಲ್ಲಿಯೇ ಕೈಗೂಡಿದರೆ ತನಗೆ ಸಂತೋಷವಾಗುವುದೇ? ಇಲ್ಲವೆಂದು ಒಳಗಿನಿಂದ ಉತ್ತರ ಬಂದಿತು. ಬಾಳಿನ ಆಧಾರವೇ ಕುಸಿಯಿತು. ಓದಿದ ಗ್ರಂಥಗಳೊಂದೂ ಕೈಹಿಡಿಯಲಿಲ್ಲ; ವಿಶ್ಲೇಷಣೆಯ ಅಭ್ಯಾಸವು ಭಾವಗಳ ಬೇರನ್ನೇ ಕೊರೆದಿತ್ತೆಂದು ಅವನು ನಿರ್ಣಯಿಸಿದನು. ತಂದೆಯ ಬಳಿಗೆ ಹೋಗುವಂತೆಯೂ ಇರಲಿಲ್ಲ, ರೋಗಕ್ಕೆ ಮೂಲ ಆ ತಂದೆ ಕೊಟ್ಟ ಶಿಕ್ಷಣವೇ ಆದುದರಿಂದ. ತಿಂಗಳುಗಳು ಹೀಗೆ ಕಳೆದ ಮೇಲೆ ಒಂದು ದಿನ ಮಾರ್ಮಂಟೆಲ್ ಎಂಬ ಫ್ರೆಂಚ್ ಲೇಖಕನ ಸ್ಮೃತಿಗ್ರಂಥ ಆಕಸ್ಮಿಕವಾಗಿ ಕೈಗೆ ಬಂದಿತು. ತಂದೆ ಸತ್ತ ಮನೆಯಲ್ಲಿ, ಹುಡುಗನಾದ ಮಾರ್ಮಂಟೆಲನು ಇನ್ನು ಮುಂದೆ ಎಲ್ಲರಿಗೂ ತಾನೇ ಆಸರೆಯಾಗುವೆನೆಂದು ನಿಶ್ಚಯಿಸುವ ಸಂದರ್ಭವನ್ನು ಓದಿ ಮಿಲ್ಲನು ಕಣ್ಣೀರಿಟ್ಟನು. ಆ ಕ್ಷಣದಿಂದ ಭಾರ ಹಗುರವಾಯಿತು. 1828 ರಲ್ಲಿ ವರ್ಡ್ಸ್‌ವರ್ತ್ ಕವಿಯ ಕೃತಿಗಳು ಉಳಿದ ಚಿಕಿತ್ಸೆಯನ್ನು ಮಾಡಿದುವು. ತಂದೆಯ ಮರಣದ ಪ್ರಕರಣವೇ ಈ ಮಗನನ್ನು ಅಳಿಸಿತೆಂಬುದರ ಮೇಲೆ ಮನಶ್ಶಾಸ್ತ್ರಜ್ಞರು ಬಹಳ ಬರೆದಿದ್ದಾರೆ. ಅದು ಹೇಗಾದರೂ ಇರಲಿ. ತಂದೆಯ ಪಟ್ಟಿಯಲ್ಲಿಲ್ಲದ, ಯಾರಿಗೂ ಒಪ್ಪಿಸಬೇಕಾಗಿಲ್ಲದ ಒಂದು ಓದು ಅವನಿಗೆ ಇಪ್ಪತ್ತನೆಯ ವಯಸ್ಸಿನಲ್ಲಿ ದೊರೆಯಿತೆಂಬುದನ್ನು ಗಮನಿಸಿದರೆ ಸಾಕು. ಬೇರೆ ಹುಡುಗರಿಗೆ ಅದು ಎಂಟನೆಯ ವಯಸ್ಸಿನಲ್ಲಿಯೇ ದೊರೆಯುತ್ತದೆ. ಬಾಲ್ಯದಲ್ಲಿ ಅವನಿಗೆ ಮಕ್ಕಳ ಪುಸ್ತಕಗಳು ಬಹಳ ಅಪೂರ್ವ. ಇದ್ದ ಕೆಲವುಗಳಲ್ಲಿ ಒಂದು ಮಾತ್ರ ಹುಡುಗತನವೆಲ್ಲ ತನ್ನನ್ನು ನಲಿಸಿತೆಂದು ಅವನು ಬರೆದಿದ್ದಾನೆ. ಅದೂ 'ರಾಬಿನ್ಸನ್ ಕ್ರೂಸೋ'. ಪುಸ್ತಕವೇ ಬೇಡವೆಂದವನೂ ಪುಸ್ತಕವಲ್ಲದೆ ಬೇರೇನೂ ಇಲ್ಲವೆಂದವನೂ ಈ ಒಂದು ಗ್ರಂಥದಲ್ಲಿ ಒಂದಾದುದು ಸಾಹಿತ್ಯಚರಿತ್ರೆಯ ಸ್ವಾರಸ್ಯಗಳಲ್ಲಿ ಒಂದು.

ರವೀಂದ್ರನಾಥ ಠಾಕೂರರ 'ಜೀವನಸ್ಮೃತಿ' (1912) ಯಲ್ಲಿ ಗಾಳಿಯೇ ಬೇರೆ. ಇಲ್ಲಿ ಪಟ್ಟಿ ಹಾಕುವ ತಂದೆಯೂ ಇಲ್ಲ, ನಿಷೇಧಿಸುವ ಗುರುವೂ ಇಲ್ಲ. ಕಲ್ಕತ್ತೆಯ ದೊಡ್ಡ ಮನೆಯಲ್ಲಿ ಸೇವಕರ ವಶದಲ್ಲಿ ಬೆಳೆದ ಹುಡುಗನಿಗೆ ಸಿಕ್ಕಿದ್ದೇ ಓದು. ಮೋಡ ಕವಿದ ಒಂದು ದಿನ, ಹಿರಿಯಜ್ಜಿಯೊಬ್ಬಳ ಕೃತ್ತಿವಾಸ ರಾಮಾಯಣದ ಹರಿದ ಪ್ರತಿಯನ್ನು ಹಿಡಿದು ತಾಯಿಯ ಕೋಣೆಯ ಬಾಗಿಲಲ್ಲಿ ಕುಳಿತು ಓದುತ್ತಿರುವಾಗ ಹುಡುಗನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಅದನ್ನು ಕಂಡು ಅಜ್ಜಿ ಪುಸ್ತಕವನ್ನು ಕಿತ್ತುಕೊಂಡು ಹೋದಳು. 'ಅಬೋಧಬಂಧು' ಎಂಬ ಪತ್ರಿಕೆಯಲ್ಲಿ ಬಂದ 'ಪಾಲ್ ಮತ್ತು ವರ್ಜೀನಿ'ಯ ಬಂಗಾಳಿ ಅನುವಾದಕ್ಕೂ ಇಷ್ಟೇ ಕಣ್ಣೀರು ಸಂದಿತು. ಇವೆರಡನ್ನು ಕವಿಯ ಕೋಮಲ ಹೃದಯಕ್ಕೆ ದೃಷ್ಟಾಂತವೆಂದು ಯಾರೂ ಹೇಳಿಯಾರು. ಮೂರನೆಯ ಪ್ರಸಂಗ ಅಷ್ಟು ಸಾಧುವಲ್ಲ. ದೀನಬಂಧು ಮಿತ್ರನ 'ಜಾಮಾಯಿ ಬಾರಿಕ್' ಎಂಬ ಪ್ರಹಸನ ಆ ವಯಸ್ಸಿನವರು ಓದತಕ್ಕದ್ದಲ್ಲ. ಮನೆಯ ಹೆಂಗಸೊಬ್ಬರು ಅದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದರು. ಅವರು ಇಸ್ಪೀಟಿನಲ್ಲಿ ಮೈಮರೆತಿರುವಾಗ ಹುಡುಗನು ಗಂಟು ಬಿಚ್ಚಲು ಹೋಗಿ ಸಿಕ್ಕಿಬಿದ್ದನು. ಎರಡನೆಯ ಸಲ ಅವರ ಮುಂದೆ ಎಲೆಯಡಿಕೆ ಹೊಗೆಸೊಪ್ಪುಗಳನ್ನು ತಂದಿಟ್ಟನು. ಉಗುಳಲು ಎದ್ದಾಗ ಸೆರಗು ಜಾರಿತು, ಬೀಗದ ಕೈ ಅವನದಾಯಿತು, ಪುಸ್ತಕದ ಓದೂ ಮುಗಿಯಿತು. ಐವತ್ತು ವರ್ಷದ ಕವಿಗೆ ಪ್ರಹಸನದಲ್ಲಿ ಏನಿತ್ತೆಂಬುದಕ್ಕಿಂತ ಬೀಗದ ಕೈಯ ಉಪಾಯವೇ ಹೆಚ್ಚು ಸ್ಪಷ್ಟವಾಗಿ ನೆನಪಿದೆ.

ಇದಕ್ಕಿಂತಲೂ ಮುಖ್ಯವಾದುದು 'ಗೀತಗೋವಿಂದ'ದ ಪ್ರಸಂಗ. ತಂದೆಯೊಡನೆ ಗಂಗೆಯ ಮೇಲೆ ದೋಣಿಯಲ್ಲಿ ಹೋಗುತ್ತಿದ್ದಾಗ ಅವರ ಪುಸ್ತಕಗಳ ನಡುವೆ ಹಳೆಯ ಪ್ರತಿಯೊಂದು ಸಿಕ್ಕಿತು. ಬಂಗಾಳಿ ಲಿಪಿಯಲ್ಲಿ, ಪಾದವಿಭಾಗವಿಲ್ಲದೆ, ಗದ್ಯದಂತೆ ಒಂದೇ ಸಮನೆ ಅಚ್ಚಾಗಿದ್ದ ಪುಸ್ತಕ. ಹುಡುಗನಿಗೆ ಸಂಸ್ಕೃತ ಬಾರದು. ಬಂಗಾಳಿಯ ಬಲದಿಂದ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು. ಛಂದಸ್ಸನ್ನು ಅವನು ಕಿವಿಯಿಂದ ತಾನೇ ಕಂಡುಹಿಡಿದು, ಗ್ರಂಥವನ್ನೆಲ್ಲ ಒಂದು ಪುಸ್ತಕದಲ್ಲಿ ನಕಲು ಮಾಡಿಕೊಂಡನು. ಬಂಗಾಳಿ ಪದ್ಯಕ್ಕೆ ಹೊಸ ನಡಿಗೆಗಳನ್ನು ತಂದ ಕವಿಯ ಛಂದೋಭ್ಯಾಸದ ಆರಂಭ ಇಲ್ಲಿ ಕಾಣುತ್ತದೆ. ಅರ್ಥವಾದುದಷ್ಟೇ ಮಗುವಿಗೆ ಲಾಭವೆಂಬ ಮತವನ್ನು ಠಾಕೂರರು ಇದೇ ಸಂದರ್ಭದಲ್ಲಿ ಖಂಡಿಸುತ್ತಾರೆ. ಪುರಾಣ ಹೇಳುವ ಕಥಕರ ಬಾಯಲ್ಲಿ ಬರುವ ಸಂಸ್ಕೃತ ಶಬ್ದಗಳು ಕೇಳುವವರಿಗೆಲ್ಲ ತಿಳಿಯವು; ಆದರೂ ಅವು ವ್ಯರ್ಥವಲ್ಲವೆಂದು ಅವರ ಅಭಿಪ್ರಾಯ. ತಮ್ಮ ಕಾಲದ ಮಕ್ಕಳ ಪುಸ್ತಕಗಳಲ್ಲಿ ರಸಕ್ಕೆ ನೀರು ಬೆರೆತಿದೆಯೆಂದೂ ಅವರು ಆಕ್ಷೇಪಿಸಿದ್ದಾರೆ.

ಕನ್ನಡ ವಾಚಕರಿಗೆ ಈ ಮಾತು ಪರಕೀಯವಾಗಿ ತೋರಲಾರದು. ಇಲ್ಲಿಯ ಕೂಲಿಮಠಗಳಲ್ಲಿ ಅಕ್ಷರಾಭ್ಯಾಸ ಮುಗಿದೊಡನೆ ಹುಡುಗರ ಕೈಗೆ ಬರುತ್ತಿದ್ದುದು ಲಕ್ಷ್ಮೀಶನ ಜೈಮಿನಿ ಭಾರತ. ವಾರ್ಧಕ ಷಟ್ಪದಿಯ ಶ್ಲೇಷೆಗಳೂ ದೀರ್ಘಸಮಾಸಗಳೂ ಎಂಟು ಹತ್ತು ವರ್ಷದವರಿಗೆ ಅರ್ಥವಾಗುವುವೆಂದು ಐಗಳೂ ನಂಬಿರಲಿಲ್ಲ. ಆದರೂ ರಾಗವಾಗಿ ಓದಿದ ಪದ್ಯಗಳು ನಾಲಗೆಯ ಮೇಲೆ ನಿಂತುವು. ಚಂದ್ರಹಾಸನ ಕಷ್ಟಗಳಿಗೆ ಮಕ್ಕಳು ಮರುಗಿದರು. ಅರ್ಥ ಹಿಂದಿನಿಂದ, ಕೆಲವರಿಗೆ ಎಷ್ಟೋ ವರ್ಷಗಳ ಮೇಲೆ, ಬಂದು ಕೂಡಿಕೊಂಡಿತು. ರಾತ್ರಿ ಜಗಲಿಯಲ್ಲಿ ಗದುಗಿನ ಭಾರತವನ್ನು ಓದುವಾಗ ಕಂಬಕ್ಕೊರಗಿ ತೂಕಡಿಸುತ್ತಿದ್ದ ಹುಡುಗನೂ ಭಾಮಿನಿಯ ನಡಿಗೆಯನ್ನು ಕಿವಿಯಲ್ಲಿ ತುಂಬಿಕೊಂಡೇ ಮಲಗಿದನು. ಹಳೆಯ ಮಠಗಳನ್ನು ಹೊಗಳಲು ಇದನ್ನು ಹೇಳಬೇಕಾದುದಿಲ್ಲ. ಅಲ್ಲಿಯ ಬೆತ್ತವನ್ನೂ ಕೋದಂಡವನ್ನೂ ಮರೆಯುವುದು ಸತ್ಯಕ್ಕೆ ದೂರ. ಹೊಸ ಕಾಲದ ಬಾಲಸಾಹಿತ್ಯವೆಲ್ಲ ನೀರೆಂದೂ ಹೇಳಲಾಗದು. ಶಿವರಾಮ ಕಾರಂತರ 'ಬಾಲಪ್ರಪಂಚ' (1936) ಹುಡುಗರ ಬುದ್ಧಿಯನ್ನು ಕೀಳಾಗಿ ಎಣಿಸಿದ ಗ್ರಂಥವಲ್ಲ. ಆದರೆ ಮಗುವಿಗೆ ತಿಳಿದ ಮಾತುಗಳನ್ನು ಮಾತ್ರ ಎಣಿಸಿ ಪೋಣಿಸಿದ ಪಾಠಪುಸ್ತಕದಲ್ಲಿ ತಿಳಿಯದ ಮಾತಿನ ಆಕರ್ಷಣೆ ಇರುವುದಿಲ್ಲವೆಂಬುದನ್ನು ಒಪ್ಪಬೇಕು.

ಗಾಂಧೀಜಿಯವರ ಆತ್ಮಕಥೆ 1925 ರಿಂದ 'ನವಜೀವನ' ಪತ್ರಿಕೆಯಲ್ಲಿ ವಾರವಾರ ಬಂದಿತು. ಓದಿನ ವಿಷಯದಲ್ಲಿ ಅವರದು ಬೇರೆಯೇ ಒಂದು ಬಗೆ. ಪಾಠದ ಪುಸ್ತಕಗಳನ್ನು ಬಿಟ್ಟು ಬೇರೆ ಓದುವ ಅಭಿರುಚಿ ತಮಗೆ ಇರಲೇ ಇಲ್ಲವೆಂದು ಅವರೇ ಹೇಳುತ್ತಾರೆ. ಹೀಗಿದ್ದರೂ ತಂದೆ ಕೊಂಡು ತಂದಿದ್ದ 'ಶ್ರವಣ ಪಿತೃಭಕ್ತಿ ನಾಟಕ'ದ ಮೇಲೆ ಹೇಗೋ ಕಣ್ಣು ಬಿದ್ದಿತು. ಅದನ್ನು ತನ್ಮಯರಾಗಿ ಓದಿದರು. ಅದೇ ಸಮಯದಲ್ಲಿ ಊರಿಗೆ ಬಂದ ಚಿತ್ರ ತೋರಿಸುವವರು, ಕುರುಡರಾದ ತಾಯಿತಂದೆಗಳನ್ನು ಹೆಗಲಮೇಲೆ ಹೊತ್ತ ಶ್ರವಣನನ್ನು ತೋರಿಸಿದರು. ಮಗನನ್ನು ಕಳೆದುಕೊಂಡ ಮುದುಕರ ಶೋಕಗೀತವನ್ನು ತಂದೆ ಕೊಡಿಸಿದ್ದ ಕಾನ್ಸರ್ಟಿನಾ ವಾದ್ಯದಲ್ಲಿ ಹುಡುಗನು ನುಡಿಸಿದನು. ಓದು, ನೋಟ, ನಾದ ಮೂರೂ ಒಂದರ ಮೇಲೊಂದು ಬಂದು ಅಚ್ಚೊತ್ತಿದುವು. ಹರಿಶ್ಚಂದ್ರ ನಾಟಕ, ಲಾಧಾ ಮಹಾರಾಜರೆಂಬವರು ತಂದೆಯ ಮುಂದೆ ಓದುತ್ತಿದ್ದ ತುಲಸೀ ರಾಮಾಯಣ ಇವೂ ಇದೇ ಬಗೆಯವು. ತಂದೆಯ ಗ್ರಂಥಗಳ ನಡುವೆ ಮನುಸ್ಮೃತಿಯ ಅನುವಾದವೂ ಇದ್ದಿತು. ಅದರ ಸೃಷ್ಟಿಪ್ರಕರಣವನ್ನು ಓದಿ ತಮಗೆ ಭಕ್ತಿ ಹುಟ್ಟುವುದರ ಬದಲು ನಾಸ್ತಿಕತೆಯ ಕಡೆಗೇ ಸ್ವಲ್ಪ ಒಲವಾಯಿತೆಂದು ಅವರು ಬರೆದಿದ್ದಾರೆ. ಧರ್ಮಗ್ರಂಥವನ್ನು ಓದಿಸಿದರೆ ಧರ್ಮಶ್ರದ್ಧೆ ಬರುವುದೆಂದು ನೆಮ್ಮದಿಯಾಗಿರುವವರು ಈ ವಾಕ್ಯವನ್ನು ಉದಾಹರಿಸುವುದು ಕಡಮೆ.

ಶ್ರವಣನ ಕಥೆ ಹುಡುಗನನ್ನು ಪಿತೃಭಕ್ತನನ್ನಾಗಿ ಮಾಡಿತೆಂದು ನೀತಿಬೋಧಕರು ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಗ್ರಂಥವು ಇಲ್ಲಿಗೆ ನಿಲ್ಲುವುದಿಲ್ಲ. 1885 ರಲ್ಲಿ, ಹದಿನಾರನೆಯ ವಯಸ್ಸಿನಲ್ಲಿ, ಹಾಸಿಗೆ ಹಿಡಿದ ತಂದೆಯ ಕಾಲನ್ನು ಪ್ರತಿ ರಾತ್ರಿಯೂ ಒತ್ತುತ್ತಿದ್ದ ಮಗನು, ಒಂದು ರಾತ್ರಿ ಚಿಕ್ಕಪ್ಪನಿಗೆ ಆ ಕೆಲಸವನ್ನು ಒಪ್ಪಿಸಿ ಹೆಂಡತಿಯ ಕೋಣೆಗೆ ಹೋದನು. ಕೆಲವು ನಿಮಿಷಗಳಲ್ಲಿ ಸೇವಕನು ಬಂದು ಬಾಗಿಲು ತಟ್ಟಿದನು, ತಂದೆ ಇರಲಿಲ್ಲ. ಈ ಕಳಂಕವನ್ನು ತಾವು ಎಂದಿಗೂ ಅಳಿಸಲಾರದೆ ಹೋದೆವೆಂದು ನಲವತ್ತು ವರ್ಷಗಳ ಮೇಲೆ ಅವರು ಬರೆದರು. ಸಾಮಾನ್ಯನಾದ ಮಗನೊಬ್ಬನು ಅದನ್ನು ದೈವಯೋಗವೆಂದು ಸಮಾಧಾನ ಮಾಡಿಕೊಳ್ಳಬಹುದಾಗಿತ್ತು. ಹೆಗಲಮೇಲೆ ಅಡ್ಡೆ ಹೊತ್ತ ಶ್ರವಣನ ಚಿತ್ರವನ್ನು ಕಣ್ಣಿನಲ್ಲಿ ಇಟ್ಟುಕೊಂಡವನಿಗೆ ಆ ಸಮಾಧಾನ ದೊರೆಯದು. ಬಾಲ್ಯದ ಓದು ಇಲ್ಲಿ ಕೊಟ್ಟುದು ಸದ್ಗುಣವನ್ನಲ್ಲ. ತನ್ನನ್ನು ತಾನು ಅಳೆದುಕೊಳ್ಳುವ ಕೋಲನ್ನು. ಆ ಕೋಲು ಎಷ್ಟು ಕಠಿಣವೆಂಬುದು ಅದರಿಂದ ಅಳತೆಗೆ ಸಿಕ್ಕಿದವನಿಗೇ ಗೊತ್ತು. ಬ್ರಹ್ಮಚರ್ಯದ ವಿಷಯದಲ್ಲಿ ಮುಂದೆ ಅವರು ತೋರಿಸಿದ ಉಗ್ರತೆಗೆ, ಅದರಿಂದ ಮನೆಯವರು ಪಟ್ಟ ಪಾಡಿಗೆ, ಈ ರಾತ್ರಿಯನ್ನು ಬಿಟ್ಟು ವಿವರಣೆ ಹೇಳುವುದು ಕಷ್ಟ.

1904 ರಲ್ಲಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ರಸ್ಕಿನ್ನನ 'ಅನ್ ಟು ದಿಸ್ ಲಾಸ್ಟ್' ಎಂಬ ಗ್ರಂಥವನ್ನು ಓದಿ, ನಿದ್ರೆ ಬಾರದೆ, ಬೆಳಗಾಗುವುದರೊಳಗೆ ಬಾಳನ್ನೇ ಬದಲಾಯಿಸಲು ಅವರು ನಿಶ್ಚಯಿಸಿದ ಸಂಗತಿ ಪ್ರಸಿದ್ಧ. ಆ ಗ್ರಂಥ ತಮಗೆ ಹೊಸದನ್ನು ಕಲಿಸಿತೆಂದು ಅವರು ಹೇಳುವುದಿಲ್ಲ. ತಮ್ಮೊಳಗೆ ಹುದುಗಿದ್ದ ನಂಬಿಕೆಗಳ ಪ್ರತಿಬಿಂಬವನ್ನು ಅದರಲ್ಲಿ ಕಂಡೆವೆಂದು ಹೇಳುತ್ತಾರೆ. ಓದಿನ ಪ್ರಭಾವದ ವಿಷಯವಾಗಿ ಆತ್ಮಕಥೆಗಳಲ್ಲಿ ಬಂದಿರುವ ಮಾತುಗಳಲ್ಲಿ ಇಷ್ಟು ಎಚ್ಚರದ ಮಾತು ವಿರಳ.

ಇದೇ ಗ್ರಂಥದಲ್ಲಿ ಟಾಲ್‌ಸ್ಟಾಯ್ ಫಾರ್ಮಿನ ಪ್ರಕರಣವೂ ಇದೆ. 1910 ರಲ್ಲಿ ಸ್ಥಾಪಿತವಾದ ಆ ನೆಲೆಯಲ್ಲಿ ಮಕ್ಕಳಿಗೆ ಗಾಂಧೀಜಿಯವರೇ ಉಪಾಧ್ಯಾಯರಾದರು. ಪಠ್ಯಪುಸ್ತಕಗಳ ಕೊರತೆ ತಮಗೆ ತೋರಲಿಲ್ಲವೆಂದೂ, ಶಿಷ್ಯನಿಗೆ ಗುರುವೇ ನಿಜವಾದ ಪುಸ್ತಕವೆಂದೂ, ಮಕ್ಕಳು ಕಣ್ಣಿಗಿಂತ ಕಿವಿಯಿಂದ ಹೆಚ್ಚು ಗ್ರಹಿಸುವರೆಂದೂ ಅಲ್ಲಿ ಬರೆದಿದ್ದಾರೆ. ಯಾವ ಪುಸ್ತಕವನ್ನೂ ಅವರೊಡನೆ ಮೊದಲಿನಿಂದ ಕಡೆಯವರೆಗೆ ಓದಿದ ನೆನಪಿಲ್ಲವಂತೆ. ತಾವು ಓದಿ ಅರಗಿಸಿಕೊಂಡುದನ್ನು ತಮ್ಮ ಮಾತಿನಲ್ಲಿ ಹೇಳುತ್ತಿದ್ದರು, ಹುಡುಗರು ಅದನ್ನು ಸುಲಭವಾಗಿ ತಿರುಗಿ ಹೇಳುತ್ತಿದ್ದರು. ಎಮಿಲನ ಗುರುವಿಗೂ ಈ ಗುರುವಿಗೂ ಸ್ವಭಾವದಲ್ಲಿ ಯಾವ ಹೋಲಿಕೆಯೂ ಇಲ್ಲ. ಪುಸ್ತಕವನ್ನು ಹಿಂದಕ್ಕೆ ಸರಿಸಿ ತಾನೇ ಮಗುವಿನ ಎದುರಿಗೆ ನಿಲ್ಲುವುದರಲ್ಲಿ ಮಾತ್ರ ಇಬ್ಬರೂ ಒಂದೇ. ಇವರಲ್ಲಿ ಎರಡನೆಯವರಿಗೆ ಆ ಅಧಿಕಾರ ಹೆಚ್ಚು, ಏಕೆಂದರೆ ಹೇಳಿದಂತೆ ಬಾಳಿದವರು. ಆದರೆ ಕಾಠೇವಾಡದ ಆ ಮನೆಯಲ್ಲಿ ಶ್ರವಣನ ನಾಟಕವನ್ನು ಯಾವ ಗುರುವೂ ಅರಗಿಸಿ ಹೇಳಿರಲಿಲ್ಲ. ಅದು ತಂದೆ ಕೊಂಡು ತಂದಿದ್ದ ಪುಸ್ತಕ. ಮಗನು ತಾನೇ ಕೈಗೆತ್ತಿಕೊಂಡನು.